ಊಟಕ್ಕೆ ಕರೆದಾಗ ನಂಬಿಕೆಯ ಮಾತು ಯಾವಾಗ?

ಪ್ರಶ್ನೆ: ಕ್ರೈಸ್ತರಲ್ಲದ ನೆರೆಯವರನ್ನು ಊಟಕ್ಕೆ ಕರೆಯಬೇಕೆಂದಿದ್ದೇವೆ. ಸುವಾರ್ತೆಯ, ಅಂದರೆ ಯೇಸುವಿನ ಶುಭಸಂದೇಶದ, ಮಾತು ಯಾವಾಗ ಎತ್ತಬೇಕು?

ಉತ್ತರ 1: ಮೊದಲ ಸಲ ಒಂದೇ ಕುಟುಂಬ ಸಾಕು, ಎಂಟು ಜನ ದಾಟಿದರೆ ಮಾತು ಗುಂಪುಗುಂಪಾಗಿ ಒಡೆಯುತ್ತದೆ. ಏನು ತಿನ್ನುವುದಿಲ್ಲ ಎಂದು ಮುಂಚೆಯೇ ಕೇಳಿಕೊಳ್ಳಿ. ಬಡಿಸುವ ಮುನ್ನ, ‘ನಾವು ಪ್ರಾರ್ಥಿಸಿ ಊಟ ಮಾಡುತ್ತೇವೆ, ನೀವು ಸುಮ್ಮನೆ ಕೂತಿದ್ದರೂ ಆಯ್ತು’ ಎಂದು ಹೇಳಿ, ಎರಡು ಮೂರು ವಾಕ್ಯದಲ್ಲಿ ಮುಗಿಸಿ. ಪ್ರಾರ್ಥನೆಯೊಳಗೆ ಉಪದೇಶ ತುರುಕಿದರೆ ಬಂದವರು ಮುದುಡಿಕೊಳ್ಳುತ್ತಾರೆ, ಮತ್ತೆ ಬರುವುದಿಲ್ಲ.

ಉತ್ತರ 2: ಬೈಬಲಿನ ಇಬ್ರಿಯರಿಗೆ ಬರೆದ ಪತ್ರ 13:2ರಲ್ಲಿ ಅತಿಥಿಸತ್ಕಾರಕ್ಕಿರುವ ಗ್ರೀಕ್ ಪದ ‘ಫಿಲೊಕ್ಸೆನಿಯ’, ಅಪರಿಚಿತರ ಮೇಲಿನ ಪ್ರೀತಿ. ಆ ಪ್ರೀತಿಗೆ ಷರತ್ತಿಲ್ಲ. ಅವರಾಗಿ ಕೇಳುವವರೆಗೆ ಕಾಯಿರಿ. ಕೇಳಿದರೆ ಮಾತ್ರ ಹಿಂಜರಿಯದೆ, ನಿಮ್ಮ ಬದುಕಿನಿಂದಲೇ ಹೇಳಿ.

ಉತ್ತರ 3: ಅವರು ಕರೆದಾಗ ನೀವೂ ಹೋಗಿ. ಲೂಕ 10:7ರಲ್ಲಿ ಯೇಸು ಶಿಷ್ಯರನ್ನು ಕಳುಹಿಸಿದ್ದು ಆತಿಥೇಯರಾಗಿ ಅಲ್ಲ, ಅತಿಥಿಗಳಾಗಿ.