ಹಳ್ಳಿಕಾರ್ ಕೊಂಬಿನ ಆಕಾರದ ಪಟರ್: ಚೆಂಡು ಪ್ರತಿ ಸಲ ಬಲಕ್ಕೇ ಹೋಗುತ್ತಿದೆ, ಸಹಾಯ ಬೇಕು

ಪೀಣ್ಯದ ಹುಡುಗ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಸಿಎನ್‌ಸಿ ಮಿಲ್ಲಿಂಗ್ ನನ್ನ ಕೆಲಸ. ಗಾಲ್ಫ್ ಹಿಡಿದು ನಾಲ್ಕು ವರ್ಷ ಆಯಿತು. ನನ್ನ ಪಟರ್ (ಚೆಂಡನ್ನು ಗುಣಿಗೆ ಉರುಳಿಸುವ ಗಾಲ್ಫ್ ಕೋಲು) ನಾನೇ ಮಾಡಿಕೊಳ್ಳಬೇಕು ಅನ್ನೋದು ಬಹಳ ದಿನದ ಆಸೆ.

ಊರಲ್ಲಿ ಅಪ್ಪ ಹಳ್ಳಿಕಾರ್ ಜೋಡಿ ಸಾಕಿದ್ದರು. ಹಣೆಯಿಂದ ಹೊರಟು ಹಿಂದಕ್ಕೆ ಬಾಗುವ ಆ ಕೊಂಬಿನ ಗೆರೆ ಚಿಕ್ಕಂದಿನಿಂದ ನನ್ನ ಕಣ್ಣಲ್ಲಿದೆ. ಹೆಡ್ ಅನ್ನು, ಅಂದರೆ ಕೋಲಿನ ತುದಿಯ ಲೋಹದ ತಲೆಯನ್ನು, ಅದೇ ಆಕಾರದಲ್ಲಿ ಮಾಡಿದೆ. ಮುಂದೆ ಫೇಸ್ (ಚೆಂಡಿಗೆ ತಾಗುವ ಮುಖ), ಅಲ್ಲಿಂದ ಹಿಂದಕ್ಕೆ ಎರಡು ಕೊಂಬು, ಮಧ್ಯೆ ಖಾಲಿ. 6061 ಅಲ್ಯೂಮಿನಿಯಂ. ಕೊಂಬಿನ ತುದಿಗೆ ಒಂದೊಂದು ಹಿತ್ತಾಳೆ ಬಿಲ್ಲೆ, 20 ಮಿ.ಮೀ. ವ್ಯಾಸ, 30 ಮಿ.ಮೀ. ಉದ್ದ, ತಲಾ 80 ಗ್ರಾಂ. ಹೆಡ್ ಒಟ್ಟು 365 ಗ್ರಾಂ. ಅಗಲ 98 ಮಿ.ಮೀ., ಮುಂದಿನಿಂದ ಹಿಂದಕ್ಕೆ 112, ಫೇಸ್ ಉದ್ದ 72. ಷಾಫ್ಟ್ (ಹಿಡಿಯುವ ದಂಡ) ಹೀಲ್ ಕಡೆ, ಅಂದರೆ ಹೆಡ್‌ನಲ್ಲಿ ನನ್ನ ಕಾಲಿಗೆ ಹತ್ತಿರದ ತುದಿಯಲ್ಲಿ, ಫೇಸ್‌ನಿಂದ 10 ಮಿ.ಮೀ. ಹಿಂದೆ ಕೂರಿಸಿದ್ದೇನೆ. ಲೈ (ನೆಲಕ್ಕೆ ಷಾಫ್ಟ್‌ನ ಕೋನ) 70 ಡಿಗ್ರಿ, ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿದ ಕೋನ) 3.

ತೊಂದರೆ ಏನಂದರೆ, ಒಂದೂವರೆ ಮೀಟರ್ ಪಟ್‌ನಲ್ಲಿ ಚೆಂಡು ಆರೇಳು ಸೆಂ.ಮೀ. ಬಲಕ್ಕೆ ಹೋಗುತ್ತದೆ. ನಾನು ಬಲಗೈ ಆಟಗಾರ. ಹಳೆಯ ಪಟರ್‌ನಲ್ಲಿ ಹೀಗೆ ಆಗಲ್ಲ. ಗೆಳೆಯ ಹೊಡೆದರೂ ಬಲಕ್ಕೇ. ಇನ್ನೆರಡು ತೊಂದರೆ ಇದೆ. ಹೊಡೆದ ಮೇಲೆ ಕೊಂಬು ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ. ಹಿಂದಕ್ಕೆ ಎಳೆಯುವಾಗ ತುದಿ ಹುಲ್ಲಿಗೆ ತಾಗುತ್ತದೆ. ಆಕಾರವೇ ತಪ್ಪಾ? ಕೊಂಬು ಕತ್ತರಿಸಿಬಿಡಲಾ? ಹಾಗೆ ಮಾಡಲು ಮನಸ್ಸಿಲ್ಲ.

ಮೈಸೂರು ಗ್ರೀನ್

ಕತ್ತರಿಸಬೇಡಿ! ಮೊದಲು ಅಳತೆ ತೆಗೆಯೋಣ.

ಗುಣಿಯ ವ್ಯಾಸ 108 ಮಿ.ಮೀ. ಮಧ್ಯದಿಂದ ಅಂಚಿಗೆ 54. ಒಂದೂವರೆ ಮೀಟರ್ ದೂರದಲ್ಲಿ ಅದು ಬರೀ 2 ಡಿಗ್ರಿ. ನಿಮ್ಮ ಆರೇಳು ಸೆಂ.ಮೀ. ಅಂದರೆ ಫೇಸ್ ಎರಡೂವರೆ ಡಿಗ್ರಿಯಷ್ಟು ಬಲಕ್ಕೆ ತೆರೆದುಕೊಳ್ಳುತ್ತಿದೆ. ಕಣ್ಣಿಗೆ ಅಷ್ಟು ಸಣ್ಣ ಕೋನ ಕಾಣಿಸಲ್ಲ.

ಎರಡು ವಿಷಯ ಹೇಳಿ. ಗುರಿ ಗೆರೆಗೆ ಫೇಸ್ ಸರಿಯಾಗಿ 90 ಡಿಗ್ರಿ ಇದೆಯಾ? ಮೂಲೆಮಟ್ಟ ಇಟ್ಟು ನೋಡಿ. ಆಮೇಲೆ ಷಾಫ್ಟ್ ಅನ್ನು ಬೆರಳ ಮೇಲೆ ಅಡ್ಡ ಇಟ್ಟು ತೂಗಿಬಿಡಿ. ಟೋ (ಹೆಡ್‌ನ ಹೊರ ತುದಿ) ಎಲ್ಲಿಗೆ ಇಳಿಯುತ್ತದೆ, ಫೇಸ್ ಎಲ್ಲಿ ನೋಡುತ್ತದೆ?

ಪೀಣ್ಯದ ಹುಡುಗ

ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದೆ. ಸಂದಿ ಕಾಣಲಿಲ್ಲ. 90 ಸರಿಯಾಗಿದೆ.

ಬೆರಳ ಮೇಲೆ ಇಟ್ಟರೆ ಕೊಂಬು ಕೆಳಗೆ ಇಳಿದು ಫೇಸ್ ಮೇಲೆ ನೋಡುತ್ತದೆ. ಟೋ ಕೂಡ ಸ್ವಲ್ಪ ಇಳಿಯುತ್ತದೆ, ಒಂದು 30 ಡಿಗ್ರಿ ಇರಬಹುದು. ವಿನ್ಯಾಸದ ಸಾಫ್ಟ್‌ವೇರ್ ಪ್ರಕಾರ ಸಿಜಿ (ತೂಕದ ಕೇಂದ್ರ) ಫೇಸ್‌ನಿಂದ 42 ಮಿ.ಮೀ. ಹಿಂದೆ ಇದೆ. ಪೆನ್ಸಿಲ್ ತುದಿಯ ಮೇಲೆ ಇಟ್ಟು ನೋಡೋಣ ಅಂದರೆ ಆಗುತ್ತಿಲ್ಲ. ಆ ಜಾಗದಲ್ಲಿ ಲೋಹವೇ ಇಲ್ಲ, ಎರಡು ಕೊಂಬಿನ ನಡುವೆ ಗಾಳಿ.

ದೂರದ ದಾಸವಾಳ

ಫೀನಿಕ್ಸ್‌ನಿಂದ ಬರೆಯುತ್ತಿದ್ದೇನೆ. ಗಾಲ್ಫ್ ಕೋಲುಗಳ ರಿಪೇರಿ ನನ್ನ ಹವ್ಯಾಸ. ನಿಮ್ಮ ಅಳತೆ ನೋಡಿದ ಕೂಡಲೇ 42 ಅನ್ನುವುದು ನಂಬಿಕೆ ಬರಲಿಲ್ಲ. ಹಿತ್ತಾಳೆ ಬಿಲ್ಲೆಗೆ ಸಾಫ್ಟ್‌ವೇರ್‌ನಲ್ಲಿ ಹಿತ್ತಾಳೆ ಅಂತ ಕೊಟ್ಟಿದ್ದೀರಾ? ಇಲ್ಲವಾದರೆ ಅದು ಇಡೀ ಹೆಡ್ಡನ್ನು ಒಂದೇ ಲೋಹ ಅಂದುಕೊಳ್ಳುತ್ತದೆ. ಅಲ್ಯೂಮಿನಿಯಂ ಸಾಂದ್ರತೆ 2.7, ಹಿತ್ತಾಳೆಯದು 8.5 ಹತ್ತಿರ. ಮೂರು ಪಟ್ಟು ವ್ಯತ್ಯಾಸ.

ಗಾಳಿಯಲ್ಲಿರುವ ಸಿಜಿ ಹುಡುಕುವುದು ಸುಲಭ. ಹೆಡ್ ಅನ್ನು ಷಾಫ್ಟ್‌ನಿಂದ ಬಿಚ್ಚಿಕೊಳ್ಳಿ. ಕೊಂಬಿನ ನಡುವೆ ಗಟ್ಟಿ ರಟ್ಟಿನ ತುಂಡು ಟೇಪ್ ಹಾಕಿ ಅಂಟಿಸಿ. ಹೆಡ್ಡನ್ನು ಒಂದು ಕೊಂಬಿನ ತುದಿಯಿಂದ ದಾರದಲ್ಲಿ ನೇತುಹಾಕಿ. ಅದೇ ಮೊಳೆಗೆ ಒಂದು ತೂಕದ ಗುಂಡನ್ನೂ ಇಳಿಬಿಡಿ. ಅದರ ದಾರದ ಗೆರೆಯನ್ನು ರಟ್ಟಿನ ಮೇಲೆ ಎಳೆಯಿರಿ. ಆಮೇಲೆ ಟೋ ಮೂಲೆಯಿಂದ ನೇತುಹಾಕಿ ಇನ್ನೊಂದು ಗೆರೆ. ಎರಡೂ ಕೂಡುವ ಜಾಗವೇ ಸಿಜಿ. ಮೂರನೆಯ ಗೆರೆಯೂ ಅಲ್ಲೇ ಹಾದರೆ ಅಳತೆ ಸರಿ ಅಂತ ನಂಬಬಹುದು.

ಪೀಣ್ಯದ ಹುಡುಗ

ನೀವು ಹೇಳಿದ್ದೇ ನಿಜ. ಬಿಲ್ಲೆಗೆ ಲೋಹವೇ ಬದಲಿಸಿರಲಿಲ್ಲ. ದಾರದ ಲೆಕ್ಕದಲ್ಲಿ ಸಿಜಿ ಫೇಸ್‌ನಿಂದ 58 ಮಿ.ಮೀ. ಹಿಂದೆ ಬಂತು. ಸಾಫ್ಟ್‌ವೇರ್‌ನಲ್ಲಿ ಹಿತ್ತಾಳೆ ಅಂತ ಕೊಟ್ಟ ಮೇಲೆ ಅದೂ 58 ತೋರಿಸಿತು. 16 ಮಿ.ಮೀ. ತಪ್ಪು ಇಟ್ಟುಕೊಂಡು ಎರಡು ತಿಂಗಳು ಒದ್ದಾಡಿದೆ.

ಆದರೆ ಸಿಜಿ ಹಿಂದೆ ಇದ್ದರೆ ಚೆಂಡು ಬಲಕ್ಕೆ ಯಾಕೆ ಹೋಗಬೇಕು? ಅದು ಇನ್ನೂ ಅರ್ಥ ಆಗಿಲ್ಲ.

ದೂರದ ದಾಸವಾಳ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೊಸ ಆಕಾರ ಮಾಡುವವರು ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ.

ಸಿಜಿ ಎಲ್ಲಿದೆ ಅನ್ನುವುದಕ್ಕಿಂತ, ಷಾಫ್ಟ್‌ನ ಗೆರೆಯಿಂದ ಅದು ಎಷ್ಟು ದೂರ ಇದೆ ಅನ್ನುವುದು ಮುಖ್ಯ. ನಿಮ್ಮದರಲ್ಲಿ 48 ಮಿ.ಮೀ. ಹಿಂದೆ ಇದೆ, ಸುಮಾರು 25 ಮಿ.ಮೀ. ಟೋ ಕಡೆ ಇದೆ. ಬೆರಳ ಮೇಲೆ ನೀವು ನೋಡಿದ 30 ಡಿಗ್ರಿ ಅದರಿಂದಲೇ ಬಂದದ್ದು.

ಈಗ ಪಟರ್ ಹಿಡಿದು ನಿಂತ ಭಂಗಿ ನೆನಪಿಸಿಕೊಳ್ಳಿ. ಷಾಫ್ಟ್ ನೆಟ್ಟಗಿರುವುದಿಲ್ಲ. ನಿಮ್ಮ ಕಡೆಗೆ 20 ಡಿಗ್ರಿ ವಾಲಿರುತ್ತದೆ. ಷಾಫ್ಟ್ ಗೆರೆಯಿಂದ ಹೊರಗಿರುವ ತೂಕ ಯಾವಾಗಲೂ ಷಾಫ್ಟ್‌ನ ಅಡಿಗೆ, ಅಂದರೆ ನಿಮ್ಮ ಕಾಲಿನ ಕಡೆಗೆ ಬರಲು ನೋಡುತ್ತದೆ. ಹಿಂದಿರುವ ಕೊಂಬು ಕಾಲಿನ ಕಡೆ ತಿರುಗಿದರೆ ಟೋ ಹಿಂದಕ್ಕೆ ಹೋಗಲೇಬೇಕು. ಟೋ ಹಿಂದೆ ಹೋದರೆ ಫೇಸ್ ಬಲಕ್ಕೆ ತೆರೆಯುತ್ತದೆ. ಚೆಂಡು ಮುಟ್ಟುವ ಮೊದಲೇ, ಸುಮ್ನೆ ನಿಂತಾಗಲೇ ಇದು ನಡೆಯುತ್ತಿರುತ್ತದೆ. ಲೆಕ್ಕ ಹಾಕಿದರೆ, ಷಾಫ್ಟ್‌ನಿಂದ 10 ಸೆಂ.ಮೀ. ದೂರದಲ್ಲಿ 60 ಗ್ರಾಂ ಕಟ್ಟಿ ತಿರುಗಿಸಿದಷ್ಟು ಸೆಳೆತ. ನಿಮ್ಮ ಕೈ ಅದನ್ನು ತಡೆಯಲು ಒಳಗೊಳಗೇ ಬಿಗಿಯಾಗುತ್ತದೆ.

ಆಮೇಲೆ ಮುಂದಕ್ಕೆ ಹೊಡೆಯುವಾಗ ಇನ್ನೊಂದು. ಸಿಜಿ ಟೋ ಕಡೆ ಇರುವುದರಿಂದ ಟೋ ಹಿಂದೆ ಉಳಿಯುತ್ತದೆ. ಅದೂ ಬಲಕ್ಕೇ. ಎರಡೂ ಒಂದೇ ದಿಕ್ಕಿಗೆ ಕೂಡಿಕೊಳ್ಳುತ್ತವೆ. ಗೆಳೆಯ ಹೊಡೆದರೂ ಬಲಕ್ಕೆ ಹೋದದ್ದು ಇದಕ್ಕೇ.

ಆಕಾರದ ತಪ್ಪಲ್ಲ ಇದು. ಷಾಫ್ಟ್ ಕೂತ ಜಾಗದ ತಪ್ಪು. ಷಾಫ್ಟ್ ಗೆರೆ ಸಿಜಿಯ ಮೂಲಕವೇ ಹಾಯುವಂತೆ ಮಾಡಿದರೆ ಎರಡೂ ಸೆಳೆತ ಹೋಗುತ್ತವೆ. ಈಗ ಝೀರೋ ಟಾರ್ಕ್ ಅಂತ ಕರೆಯುವುದು ಇದನ್ನೇ. 2025ರ ಯುಎಸ್ ಓಪನ್‌ನಲ್ಲಿ, ಓಕ್‌ಮಾಂಟ್‌ನ ಕೊನೆಯ ಗ್ರೀನ್‌ನಲ್ಲಿ (ಗುಣಿಯ ಸುತ್ತಲ ನುಣುಪು ಹುಲ್ಲು) ಜೆ. ಜೆ. ಸ್ಪಾನ್ 64 ಅಡಿ ದೂರದಿಂದ ಚೆಂಡು ಗುಣಿಗೆ ಹಾಕಿದ್ದು ಇಂಥ ಪಟರ್‌ನಲ್ಲೇ. ಅದರ ಹೆಡ್ ನೋಡಿದರೆ ನಿಮ್ಮ ಕೊಂಬು ಏನೂ ವಿಚಿತ್ರ ಅನ್ನಿಸಲ್ಲ.

ಪೀಣ್ಯದ ಹುಡುಗ

ಎರಡು ಸಲ ಓದಿದೆ. ಪಟರ್ ಹಿಡಿದು ಕೈ ಸಡಿಲ ಬಿಟ್ಟು ನೋಡಿದೆ. ನಿಜವಾಗಿಯೂ ಕೊಂಬು ನನ್ನ ಕಾಲಿನ ಕಡೆ ಬಂತು! ತುಂಬಾ ಥ್ಯಾಂಕ್ಸ್ ಸರ್.

ಆದರೆ ಷಾಫ್ಟ್ ಕೂರಿಸಲು ಸಿಜಿ ಹತ್ತಿರ ಲೋಹ ಬೇಕಲ್ವಾ?

ಮೈಸೂರು ಗ್ರೀನ್

ನೊಗ ಹಾಕಿ! ಎರಡು ಕೊಂಬಿಗೂ ಅಡ್ಡಲಾಗಿ ಒಂದು ಪಟ್ಟಿ. ಷಾಫ್ಟ್ ಅದರಲ್ಲಿ ಕೂರಲಿ.

ನಿಮ್ಮ ಗುಂಯ್ ಶಬ್ದಕ್ಕೂ ಅದೇ ಮದ್ದು. ಕೊಂಬು ಎಷ್ಟು ದಪ್ಪ ಇದೆ?

ಪೀಣ್ಯದ ಹುಡುಗ

8 ಮಿ.ಮೀ. ದಪ್ಪ, 14 ಎತ್ತರ. ಫೇಸ್‌ನ ಬುಡದಿಂದ ಬಿಲ್ಲೆವರೆಗೆ 75 ಉದ್ದ.

ಮೈಸೂರು ಗ್ರೀನ್

ಹಾಗಾದರೆ ನೀವು ಮಾಡಿರುವುದು ಶ್ರುತಿಕವೆ. ತುದಿಯಲ್ಲಿ 80 ಗ್ರಾಂ ಇಟ್ಟುಕೊಂಡು ಆ ಕೊಂಬು ಸೆಕೆಂಡಿಗೆ ಸುಮಾರು 300 ಸಲ ಅದುರುತ್ತದೆ. ಕಿವಿಗೆ ಚೆನ್ನಾಗಿ ಕೇಳುವ ಸ್ವರ. ಅಡ್ಡಪಟ್ಟಿ ಬಂದರೆ ಬಿಡಿಯಾಗಿ ಅದುರುವ ಉದ್ದ ಕಡಿಮೆಯಾಗುತ್ತದೆ, ಶಬ್ದ ಬೇಗ ನಿಲ್ಲುತ್ತದೆ. ಶಬ್ದ ಬಂತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್‌ಹೈಮ್ 1959ರಲ್ಲಿ ಮಾಡಿದ 1ಎ ಪಟರ್ ಕೂಡ ಹೀಗೇ ಸದ್ದು ಮಾಡುತ್ತಿತ್ತು. ಅವರ ಕಂಪನಿಗೆ ಪಿಂಗ್ ಅನ್ನುವ ಹೆಸರು ಬಂದದ್ದೇ ಆ ಸದ್ದಿನಿಂದ.

ತುದಿ ಹುಲ್ಲಿಗೆ ತಾಗುವುದಕ್ಕೆ ಸೋಲ್‌ನ (ಹೆಡ್‌ನ ತಳದ) ಹಿಂಭಾಗವನ್ನು ಒಂದೂವರೆ ಮಿ.ಮೀ. ಮೇಲಕ್ಕೆ ಓರೆ ಮಾಡಿ. ಅಷ್ಟು ಸಾಕು.

ನಿಯಮದ ಪುಟ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಈ ಪಟರ್ ಇಟ್ಟುಕೊಂಡು ಪಂದ್ಯ ಆಡುವ ಆಸೆ ಇದೆಯಾ? ಇದ್ದರೆ ಈಗಿನ ಅಳತೆ ನಡೆಯಲ್ಲ.

ಗಾಲ್ಫ್ ನಿಯಮ ಮಾಡುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳ ನಿಯಮದಲ್ಲಿ ಹೆಡ್‌ನ ಅಗಲ, ಹಿಂದು–ಮುಂದಿನ ಅಳತೆಗಿಂತ ಜಾಸ್ತಿ ಇರಲೇಬೇಕು. ನಿಮ್ಮದು 98ಕ್ಕೆ 112. ತಿರುಗಾಮುರುಗಾ ಆಗಿದೆ. ಫೇಸ್ ಉದ್ದ ಆ ಹಿಂದು–ಮುಂದಿನ ಅಳತೆಯ ಮೂರನೇ ಎರಡು ಭಾಗಕ್ಕೆ ಕಡಿಮೆ ಇರಬಾರದು. 112ಕ್ಕೆ ಅದು 74.7 ಆಗುತ್ತದೆ, ನಿಮ್ಮದು 72. ಅಗಲದ ಅರ್ಧಕ್ಕಿಂತಲೂ ಫೇಸ್ ಕಡಿಮೆ ಇರಬಾರದು, ಅದು ನಿಮ್ಮಲ್ಲಿ ಸರಿ ಇದೆ. ಒಟ್ಟು ಅಗಲ 177.8 ಮಿ.ಮೀ. ಮೀರಬಾರದು, ಎತ್ತರ 63.5 ಮೀರಬಾರದು. ಕೊಂಬಿನ ತುದಿಯನ್ನು ನಿಜವಾದ ಎತ್ತಿನ ಥರ ಮೇಲಕ್ಕೆ ಎತ್ತುವ ಯೋಚನೆ ಇದ್ದರೆ ಬಿಟ್ಟುಬಿಡಿ. ಹೆಡ್‌ನ ಮೇಲ್ಗೆರೆಗಿಂತ ತುಂಬಾ ಮೇಲೆ ಏಳುವ ಭಾಗಕ್ಕೆ ಒಪ್ಪಿಗೆ ಇಲ್ಲ. ಎರಡು ಕವಲಿನ ಆಕಾರಕ್ಕೆ ಮಾತ್ರ ಭಯ ಬೇಡ. ಒಡಿಸ್ಸಿ ಕಂಪನಿಯ 7ನೇ ನಂಬರ್ ಹೆಡ್ ಕೂಡ ಕೋರೆಹಲ್ಲಿನ ಥರ ಹಿಂದಕ್ಕೆ ಚಾಚಿಕೊಂಡೇ ಇದೆ.

ಷಾಫ್ಟ್ ಮಧ್ಯಕ್ಕೆ ತರುವುದಕ್ಕೂ ಈಗ ಅಡ್ಡಿ ಇಲ್ಲ. ಪಟರ್‌ನಲ್ಲಿ ಹೆಡ್‌ನ ಯಾವ ಜಾಗಕ್ಕಾದರೂ ಕೂರಿಸಬಹುದು. ನೆಟ್ಟಗೆ ನಿಲ್ಲಿಸಬಾರದು ಅಷ್ಟೆ, ಕನಿಷ್ಠ 10 ಡಿಗ್ರಿ ವಾಲಿರಬೇಕು. ಹಿಂದೆ ಹೀಗಿರಲಿಲ್ಲ. 1904ರಲ್ಲಿ ವಾಲ್ಟರ್ ಟ್ರಾವಿಸ್ ಅಮೆರಿಕದಿಂದ ಬಂದು ಮಧ್ಯೆ ಷಾಫ್ಟ್ ಇದ್ದ ಸ್ಕೆನೆಕ್ಟಡಿ ಪಟರ್ ಹಿಡಿದು ಬ್ರಿಟಿಷ್ ಅಮೆಚೂರ್ ಗೆದ್ದರು. ಕೆಲವೇ ವರ್ಷಗಳಲ್ಲಿ ಬ್ರಿಟನ್‌ನಲ್ಲಿ ಅಂಥ ಪಟರ್ ನಿಷೇಧ ಆಯಿತು. 1950ರ ದಶಕ ಬರುವವರೆಗೂ ಆ ನಿಷೇಧ ಪೂರ್ತಿ ಹೋಗಲಿಲ್ಲ.

ಪೀಣ್ಯದ ಹುಡುಗ

ನಮ್ಮ ಕ್ಲಬ್‌ನ ಪಂದ್ಯದಲ್ಲಿ ಆಡಬೇಕು ಅಂತಲೇ ಮಾಡಿದ್ದು. ಹೇಳಿದ್ದು ಒಳ್ಳೆಯದಾಯಿತು. ಹೊಸ ಹೆಡ್ಡನ್ನೇ ಮಾಡುತ್ತೇನೆ.

ಅಗಲ 104, ಮುಂದಿನಿಂದ ಹಿಂದಕ್ಕೆ 92, ಫೇಸ್ ಅದೇ 72. ತುದಿಯ ಬಿಲ್ಲೆ 80ರ ಬದಲು 45 ಗ್ರಾಂ (17 ಮಿ.ಮೀ. ಉದ್ದ). ಉಳಿದ ತೂಕ ಫೇಸ್ ಹಿಂದೆ ಹೀಲ್ ಮತ್ತು ಟೋ ಕಡೆ ತಲಾ 35 ಗ್ರಾಂ. ಸಿಜಿ 39ಕ್ಕೆ ಬರುತ್ತದೆ. ಈ ಸಲ ಹಿತ್ತಾಳೆಗೆ ಹಿತ್ತಾಳೆ ಅಂತಲೇ ಕೊಟ್ಟಿದ್ದೇನೆ. ನೊಗದಲ್ಲಿ 39ರ ಮೇಲೆ, ಮಧ್ಯಗೆರೆಯಲ್ಲಿ ತೂತು ಹೊಡೆಯಲಾ?

ದೂರದ ದಾಸವಾಳ

ಮಧ್ಯಗೆರೆಯಲ್ಲಿ ಬೇಡ, ನಿಲ್ಲಿ! ಷಾಫ್ಟ್ ಓರೆಯಾಗಿ ಇಳಿಯುತ್ತದೆ. ನೊಗದ ಮೇಲ್ಮೈ ಸಿಜಿಗಿಂತ 10 ಮಿ.ಮೀ. ಮೇಲಿದ್ದರೆ, ತೂತಿನ ಬಾಯಿ ಹೀಲ್ ಕಡೆಗೆ 3.6 ಮಿ.ಮೀ. ಸರಿದಿರಬೇಕು. ಆಗಲೇ ಗೆರೆ ಒಳಗೆ ಸಿಜಿಯನ್ನು ಮುಟ್ಟುವುದು. ಷಾಫ್ಟ್ ಇಷ್ಟು ಹಿಂದೆ ಕೂತರೆ ಕೈಯೂ ಚೆಂಡಿನಿಂದ ಹಿಂದೆ ಉಳಿಯುತ್ತದೆ. ಅದಕ್ಕೆ ಷಾಫ್ಟನ್ನು ಒಂದೆರಡು ಡಿಗ್ರಿ ಮುಂದಕ್ಕೆ ವಾಲಿಸಿ.

ಪರೀಕ್ಷೆ ಹೀಗೆ: ಷಾಫ್ಟನ್ನು 70 ಡಿಗ್ರಿಯಲ್ಲಿ ಎರಡು ಬೆರಳಲ್ಲಿ ಸಡಿಲ ಹಿಡಿದು ಹೆಡ್ ತಿರುಗಿಸಿ ಬಿಡಿ. ಎಲ್ಲಿ ಬಿಟ್ಟಿರೋ ಅಲ್ಲೇ ನಿಲ್ಲಬೇಕು.

ತೂಕ ತುದಿಯಿಂದ ಮುಂದಕ್ಕೆ ಬಂದದ್ದರಿಂದ ಎಂಒಐ (ಚೆಂಡು ಅಂಚಿಗೆ ತಾಗಿದರೂ ಹೆಡ್ ತಿರುಚಿಕೊಳ್ಳದೆ ತಡೆಯುವ ಗುಣ) ಇಳಿಯುತ್ತದೆ. ಅದನ್ನೂ ಅಳೆಯಿರಿ. ಹೆಡ್ಡನ್ನು ಮಟ್ಟವಾಗಿ ಎರಡು ಸಮಾನ ದಾರದಲ್ಲಿ ನೇತುಹಾಕಿ. ದಾರದ ಉದ್ದ 1 ಮೀಟರ್, ನಡುವಿನ ಅಂತರ 10 ಸೆಂ.ಮೀ., ಸಿಜಿ ಎರಡರ ಮಧ್ಯಕ್ಕೆ ಬರಲಿ. ಸ್ವಲ್ಪ ತಿರುಚಿ ಬಿಟ್ಟು 20 ಓಲಾಟದ ಸಮಯ ನೋಡಿ. ಕೆ.ಜಿ. ತೂಕ, 9.81, ಅಂತರದ ವರ್ಗ, ಒಂದು ಓಲಾಟದ ಸಮಯದ ವರ್ಗ ಇವನ್ನು ಗುಣಿಸಿ. ಅದನ್ನು 158 ಮತ್ತು ದಾರದ ಉದ್ದದ ಗುಣಲಬ್ಧದಿಂದ ಭಾಗಿಸಿ. ಉದ್ದ, ಅಂತರ ಎಲ್ಲ ಮೀಟರ್‌ನಲ್ಲಿರಲಿ. ಬಂದದ್ದನ್ನು ಒಂದು ಕೋಟಿಯಿಂದ ಗುಣಿಸಿದರೆ ಗ್ರಾಂ–ಚದರ ಸೆಂ.ಮೀ. ಲೆಕ್ಕ ಸಿಗುತ್ತದೆ.

ಪೀಣ್ಯದ ಹುಡುಗ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಹೊಸ ಹೆಡ್ ಆಯಿತು. 365 ಗ್ರಾಂ ಸರಿಯಾಗಿ ಬಂದಿದೆ.

ಹಳೆಯದು 20 ಓಲಾಟಕ್ಕೆ 40 ಸೆಕೆಂಡ್ ತೆಗೆದುಕೊಂಡಿತು, ಅಂದರೆ ಸುಮಾರು 9,000. ಹೊಸದು 35 ಸೆಕೆಂಡ್, ಸುಮಾರು 6,900. ಇಳಿದಿದೆ, ಆದರೂ ಫೇಸ್‌ನ ಅಂಚಿಗೆ ತಾಗಿದ ಚೆಂಡು ಚೆನ್ನಾಗಿಯೇ ಓಡುತ್ತದೆ. ಬೆರಳಲ್ಲಿ ಹಿಡಿದು ತಿರುಗಿಸಿದರೆ ಹೆಡ್ ಎಲ್ಲಿ ಬಿಟ್ಟೆನೋ ಅಲ್ಲೇ ನಿಲ್ಲುತ್ತದೆ. ಮೊದಲ ಸಲ ನೋಡಿದಾಗ ಮೈ ಜುಮ್ ಅಂತು. ನೊಗ ಹಾಕಿದ ಮೇಲೆ ಗುಂಯ್ ಇಲ್ಲ, ಒಂದು ಗಟ್ಟಿ ಟಕ್ ಅಷ್ಟೆ. ಹುಲ್ಲಿಗೂ ತಾಗುತ್ತಿಲ್ಲ.

ಒಂದೂವರೆ ಮೀಟರ್‌ನಿಂದ 50 ಹೊಡೆದೆ. 41 ಒಳಗೆ. ತಪ್ಪಿದ ಒಂಬತ್ತರಲ್ಲಿ ಐದು ಎಡಕ್ಕೆ, ನಾಲ್ಕು ಬಲಕ್ಕೆ. ಒಂದೇ ಕಡೆ ಹೋಗುವ ರೋಗ ಹೋಯಿತು. ದೂರದ ಪಟ್ ಮಾತ್ರ ಗುಣಿ ಮುಟ್ಟದೆ ನಿಲ್ಲುತ್ತಿವೆ.

ಮೈಸೂರು ಗ್ರೀನ್

41! ಬಹಳ ಖುಷಿಯಾಯಿತು. ದೂರದ್ದಕ್ಕೆ ಹೆಡ್ ಮುಟ್ಟಬೇಡಿ. ಇಷ್ಟು ದಿನ ಕೈ ಬಿಗಿ ಹಿಡಿದು ಅಭ್ಯಾಸ ಆಗಿದೆ. 10 ಮೀಟರ್‌ನಿಂದ ದಿನಾ 20 ಚೆಂಡು, ಎರಡು ವಾರ ಹೊಡೆಯಿರಿ. ಆಮೇಲೂ ಕಡಿಮೆ ಬಿದ್ದರೆ ತೂಕ ನೋಡೋಣ.

ಪೀಣ್ಯದ ಹುಡುಗ

ಹಾಗೇ ಮಾಡುತ್ತೇನೆ. ಭಾನುವಾರ ಊರಿಗೆ ತೆಗೆದುಕೊಂಡು ಹೋಗಿ ಅಪ್ಪನಿಗೆ ತೋರಿಸಿದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಎಡಗಡೆ ಕೊಂಬು ಒಂಚೂರು ಜಾಸ್ತಿ ಬಾಗಿದೆ ಕಣೋ" ಅಂದರು. ವಾಪಸ್ ಬಂದು ಕ್ಯಾಲಿಪರ್ ಇಟ್ಟೆ. 1.2 ಮಿ.ಮೀ. ವ್ಯತ್ಯಾಸ ಇದೆ. ಎರಡನೇ ಸೆಟಪ್‌ನಲ್ಲಿ ವೈಸ್ (ಲೋಹ ಬಿಗಿಹಿಡಿಯುವ ಸಾಧನ) ಸರಿಯಾಗಿ ಕೂತಿರಲಿಲ್ಲ ಅನ್ನಿಸುತ್ತದೆ. ಮುಂದಿನ ಹೆಡ್ ಕೊರೆಯುವ ಮೊದಲು ಡಯಲ್ ಗೇಜ್ ಹಾಕಿ ನೋಡಿಕೊಳ್ಳುತ್ತೇನೆ.