ಎರಡು ಮೀಟರ್ ಮೇಲಿಂದ ಬರುವ ಪೈಪಿಗೆ ಡ್ರಾಪ್ ಮ್ಯಾನ್‌ಹೋಲ್ ಬೇಕೇ ಬೇಕಾ?

ಪ್ರಶ್ನೆ:
ಯುಜಿಡಿ (ನೆಲದಡಿಯ ಒಳಚರಂಡಿ) ಕೆಲಸ. ಅಡ್ಡರಸ್ತೆಯ 200 ಮಿ.ಮೀ. ಪೈಪು ಮುಖ್ಯರಸ್ತೆಯ 450 ಮಿ.ಮೀ. ಲೈನಿಗೆ ಸೇರಬೇಕು. ನೆಲಮಟ್ಟ 99.300 ಮೀ., ಅಡ್ಡ ಪೈಪಿನ ಇನ್ವರ್ಟ್ (ಪೈಪಿನ ಒಳತಳದ ಮಟ್ಟ) 97.800, ಮುಖ್ಯ ಲೈನಿನದು 95.740. ಗೋಡೆಗೆ ತೂತು ಹೊಡೆದು ಪೈಪು ಕೂರಿಸಿದರೆ ನೀರು ತಾನೇ ಬೀಳುತ್ತದೆ, ಡ್ರಾಪ್ (ನೀರನ್ನು ತಳಕ್ಕೆ ಇಳಿಸುವ ನೇರ ಪೈಪು) ಯಾಕೆ ಅನ್ನುವ ಮಾತು ಸೈಟಿನಲ್ಲಿದೆ. ಅಡ್ಡರಸ್ತೆಯ ಮೇಲ್ತುದಿಯಲ್ಲಿ ಐದಾರೇ ಮನೆ. ಅಲ್ಲಿ ಪೈಪು ತೊಳೆಯಲು ಫ್ಲಶಿಂಗ್ ಮ್ಯಾನ್‌ಹೋಲ್ ಬೇಕೇ?

ಉತ್ತರ 1:
ಡ್ರಾಪ್ ಬೇಕು. ಆದರೆ ಇನ್ವರ್ಟಿನಿಂದ ಇನ್ವರ್ಟಿಗೆ ಅಳೆಯಬೇಡಿ. ಅಡ್ಡ ಪೈಪಿನ ಇನ್ವರ್ಟಿಗೂ ಮುಖ್ಯ ಲೈನ್ ಗರಿಷ್ಠ ಹರಿವಿನಲ್ಲಿದ್ದಾಗಿನ ನೀರಿನ ಮಟ್ಟಕ್ಕೂ ಇರುವ ಅಂತರ 600 ಮಿ.ಮೀ. ದಾಟಿದರೆ ಡ್ರಾಪ್ ಕೊಡುವುದು ರೂಢಿ. 450ರ ಪೈಪು ಶೇ. 80 ತುಂಬಿ ಹರಿದರೆ ನೀರು 96.100ಕ್ಕೆ ನಿಲ್ಲುತ್ತದೆ; ನಿಮ್ಮ ಅಂತರ 1.70 ಮೀ.

ಡ್ರಾಪ್ ಪೈಪನ್ನು ಗೋಡೆಯ ಹೊರಗೆ ಇಳಿಸಿ. ಅಡ್ಡ ಪೈಪಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ, ಒಂದು ಬಾಯಿ ಕೆಳಕ್ಕೆ, ಇನ್ನೊಂದು ನೇರವಾಗಿ ಗೋಡೆ ದಾಟಿ ಛೇಂಬರಿನೊಳಗೆ ಬರಲಿ. ಕಟ್ಟಿಕೊಂಡರೆ ಕೋಲು, ಜೆಟ್ಟಿಂಗ್ ಹೋಸು (ಒತ್ತಡದ ನೀರು ಹಾಯಿಸುವ ಕೊಳವೆ) ತೂರಿಸಲು ಇದೇ ದಾರಿ. ಕೆಳಗಿನ ಬೆಂಡಿನಿಂದ ಹೊರಬರುವ ನೀರು ಮುಖ್ಯ ಹರಿವಿನ ದಿಕ್ಕಿಗೇ ತಿರುಗಿರಬೇಕು, ಎದುರಿಗಲ್ಲ. ಇಳಿಪೈಪಿನ ವ್ಯಾಸ 200ಕ್ಕಿಂತ ಕಡಿಮೆ ಬೇಡ, ಸುತ್ತ 150 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಲಿ. ಆಳ 3.56 ಮೀ. ಆದ್ದರಿಂದ ದುಂಡನೆಯ ಮ್ಯಾನ್‌ಹೋಲಾದರೆ ಒಳವ್ಯಾಸ 1500 ಮಿ.ಮೀ.

ಉತ್ತರ 2:
ತೂತಿನಿಂದ ಧುಮುಕಿಸಿದರೆ ಏನಾಗುತ್ತದೆ ಅಂದರೆ: ಮಲಿನ ನೀರು ಬೆಂಚಿಂಗ್ (ತಳದ ಕಾಲುವೆಯ ಇಕ್ಕೆಲದ ಇಳಿಜಾರು ಕಟ್ಟೆ) ಮೇಲೆ ಸಿಡಿದು ಗಟ್ಟಿ ಪದಾರ್ಥ ಅಲ್ಲೇ ಅಂಟುತ್ತದೆ, ಬಿದ್ದ ಜಾಗ ಕೊರೆಯುತ್ತದೆ. ನೀರು ಕಲಕಿದಾಗ ಹೈಡ್ರೋಜನ್ ಸಲ್ಫೈಡ್ ಹೊರಬಂದು, ತೇವವಿರುವ ಗೋಡೆಯ ಮೇಲೆ ಬ್ಯಾಕ್ಟೀರಿಯಾಗಳಿಂದ ಗಂಧಕಾಮ್ಲವಾಗಿ ಸಿಮೆಂಟನ್ನು ತಿನ್ನುತ್ತದೆ. ಒಳಗಿಳಿದವರ ತಲೆಯ ಮೇಲೂ ಅದೇ ನೀರು.

ಹೊರ ಡ್ರಾಪಿನಲ್ಲಿ ಕೈಕೊಡುವುದು ಕೆಳಗಿನ ಬೆಂಡು. ಅಗೆದು ತುಂಬಿದ ಸಡಿಲ ಮಣ್ಣಿನ ಮೇಲೆ ಅದನ್ನು ಕೂರಿಸುತ್ತಾರೆ. ಮಣ್ಣು ಕುಸಿದಾಗ ಜಾಯಿಂಟು ಬಿಡುತ್ತದೆ. ಮ್ಯಾನ್‌ಹೋಲಿನ ತಳದ ಕಾಂಕ್ರೀಟನ್ನೇ ಹೊರಕ್ಕೆ ಚಾಚಿ ಬೆಂಡನ್ನು ಅದರ ಮೇಲಿಡಿ. ಹೊದಿಕೆ ಹಾಕಿದ ಮೇಲೆ ಇದು ಕಣ್ಣಿಗೆ ಬೀಳುವುದಿಲ್ಲ, ಮೊದಲೇ ನಿಂತು ನೋಡಿ.

ಉತ್ತರ 3:
ಡ್ರಾಪೊಂದೇ ದಾರಿ ಅಂತಲೂ ಇಲ್ಲ. ಕೊನೆಯ 30 ಮೀಟರಿನಲ್ಲೇ 1.70 ಮೀ. ಇಳಿಸಿದರೆ ಇಳಿಜಾರು ಸುಮಾರು 18ಕ್ಕೆ 1. 200ರ ಪೈಪು ಅರ್ಧ ತುಂಬಿದಾಗ ವೇಗ 2.5 ಮೀ./ಸೆ. ಆಸುಪಾಸು, 3ರ ಮಿತಿಯೊಳಗೇ ಇದೆ. ಮೆತ್ತನೆ ಮಣ್ಣಾದರೆ ಈ ಲೆಕ್ಕವನ್ನೂ ಹಾಕಿ ನೋಡಿ. ಬಂಡೆ ಸಿಕ್ಕರೆ, ಅಥವಾ ಅಷ್ಟುದ್ದಕ್ಕೂ ಮನೆಗಳ ಪಾಯ ಪಕ್ಕದಲ್ಲೇ ಇದ್ದರೆ, ಆಳದ ಅಗೆತಕ್ಕಿಂತ ಡ್ರಾಪೇ ಅಗ್ಗ.

ಫ್ಲಶಿಂಗ್ ಮ್ಯಾನ್‌ಹೋಲ್ ಬೇಕಾಗುವುದು ಇಳಿಜಾರು ಸಾಲದೆ 0.6 ಮೀ./ಸೆ. ವೇಗ ಬಾರದ ಕಡೆ. ಹೊರಹೋಗುವ ಪೈಪಿನ ಬಾಯಿಗೆ ಗೇಟು, ನೀರು ಶೇಖರಿಸಿ ಒಮ್ಮೆಲೇ ಬಿಡುವುದು. ಗೇಟು ತೆರೆಯಲು ಮರೆತರೆ ಹೊಲಸು ಮನೆಗಳ ನೆಲಮಹಡಿ ಶೌಚಾಲಯಕ್ಕೇ ವಾಪಸ್. ನೂರಕ್ಕೆ 1 ಇಳಿಜಾರು ಸಿಗುವುದಾದರೆ, ಜೆಟ್ಟಿಂಗ್ ವಾಹನ ಆ ರಸ್ತೆಗೆ ಬರುವುದಾದರೆ, ಅದನ್ನು ಕೈಬಿಡಿ.

ಪ್ರಶ್ನೆ ಕೇಳಿದವರು:
ಮುಖ್ಯ ಲೈನಿಗೆ ಹೂಳು ತೆಗೆಯುವ ಸ್ಕ್ರೇಪರ್ ಮ್ಯಾನ್‌ಹೋಲ್ ಬೇಕೇ?

ಉತ್ತರ 1:
450ಕ್ಕಿಂತ ದೊಡ್ಡ ಪೈಪಿಗೆ 110–120 ಮೀಟರಿಗೊಂದು, ಬಕೆಟ್ ಇಳಿಸಲು 1200 × 900 ಮಿ.ಮೀ. ಬಾಯಿಯದು. ನಿಮ್ಮದು ಸರಿಯಾಗಿ 450, ಕಡ್ಡಾಯದ ಗೆರೆಯೊಳಗೆ ಬರುವುದಿಲ್ಲ.