ಸಹಾಯ ಬೇಕು: ಮಳೆಗಾಲದಲ್ಲಿ ನೆಟ್ ಇಲ್ಲದೆ ವೆಬ್ ಪಾಠ

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಟೀಚರ್ ನಾನು. ವೆಬ್ ಬಳಸಿ ಪಾಠ ಮಾಡುವುದನ್ನು ಈ ವರ್ಷವಷ್ಟೇ ಕಲಿಯುತ್ತಿದ್ದೇನೆ.

ಕಳೆದ ವಾರ ಹತ್ತನೇ ತರಗತಿಗೆ ವಿದ್ಯುತ್ ಪಾಠ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್ (ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗ) ತೆರೆದಿದ್ದೆ. ಬ್ಯಾಟರಿ, ತಂತಿ, ಬಲ್ಬನ್ನು ಮೌಸಿನಲ್ಲೇ ಎಳೆದು ಜೋಡಿಸಬಹುದು. ಯಾವತ್ತೂ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು, ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಇನ್ನೊಂದು ಬಲ್ಬ್ ಸೇರಿಸಿದಳು. ಬೆಳಕು ಮಂಕಾಯಿತು. "ಟೀಚರ್, ಮೊದಲನೇ ಬಲ್ಬೇ ಕರೆಂಟೆಲ್ಲಾ ತಿಂದುಬಿಡ್ತಾ? ಹಾಗಾದ್ರೆ ಎರಡೂ ಯಾಕೆ ಒಂದೇ ಥರ ಮಂಕು?" ಎಂದು ಕೇಳಿದಳು. ಎಂಥ ಒಳ್ಳೆ ಪ್ರಶ್ನೆ ಅಲ್ವಾ! ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯುವ ಅಮ್ಮೀಟರ್ ಇಟ್ಟು ತೋರಿಸೋಣ ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಮಾರನೇ ದಿನ ಜೋರು ಮಳೆ, ನೆಟ್ಟೂ ಇಲ್ಲ. ಆ ಮಗು ಎರಡು ದಿನ ಕಾಯಬೇಕಾಯಿತು. ನನಗೆ ತುಂಬಾ ಬೇಜಾರಾಯಿತು.

ಫೆಟ್ ಫೈಲುಗಳನ್ನು ಈಗ ಡೌನ್‌ಲೋಡ್ ಮಾಡಿಟ್ಟಿದ್ದೇನೆ, ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತವೆ. ಕೆಲವು ಕನ್ನಡದಲ್ಲೂ ಸಿಗುತ್ತವೆ.

ಮುಂದಿನ ಹೆಜ್ಜೆಗೆ ನಿಮ್ಮ ಸಹಾಯ ಬೇಕು. ಕೊಲಿಬ್ರಿ ಎಂಬ ಉಚಿತ ತಂತ್ರಾಂಶವನ್ನು ಒಂದು ಲ್ಯಾಪ್‌ಟಾಪಿಗೆ ಹಾಕಿ, ರೂಟರ್ ಮೂಲಕ ಮಕ್ಕಳ ಟ್ಯಾಬ್‌ಗಳಿಗೆ ಪಾಠ ಕೊಡಬಹುದಂತೆ. ನಮ್ಮ ಹತ್ತಿರ 4 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್, ಎಂಟು ಟ್ಯಾಬ್ ಇವೆ. ಇಷ್ಟು ಸಾಕಾ? ಕರೆಂಟ್ ಹೋದಾಗ ರೂಟರ್ ಉಳಿಸಲು ಸಣ್ಣ ಯುಪಿಎಸ್ ಯಾವುದು ಒಳ್ಳೆಯದು? ಮಡಿಕೇರಿ, ವಿರಾಜಪೇಟೆ ಕಡೆ ಯಾರಾದರೂ ಮಾಡಿದ್ದರೆ ದಯವಿಟ್ಟು ತಿಳಿಸಿ, ಶನಿವಾರ ಮಧ್ಯಾಹ್ನ ನಾನೇ ಬಂದು ನೋಡಿ ಕಲಿಯುತ್ತೇನೆ.